ಭಾಮೈದನ ವಿಮಾನ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಬಸ್ಸು ಓಡಿಸುತ್ತಿದ್ದ ಬೆಟ್ಟಸ್ವಾಮಿಗೆ ಆ ದಾರಿಯುದ್ದಕ್ಕೂ ಅಮಲ್ದಾರರಿಗಿರುವಷ್ಟು ಮರ್ಯಾದೆ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಗಾಲ. ಮೋಟಾರು ನಡೆಸಬಲ್ಲವರೇ ಅಪರೂಪ. ಸುತ್ತೂರಿನ ಬಳಿ ಅವನ ಹಾರನ್ ಕೇಳಿದರೆ ಮಜ್ಜಿಗೆಯ ಚೊಂಬು ಹಿಡಿದು ಓಡಿಬರುವವರಿದ್ದರು.

ಆ ಮರ್ಯಾದೆಗೆ ಮಂಕು ಕವಿಸಿದವನು ಅವನ ಸ್ವಂತ ಭಾಮೈದ, ಹೆಂಡತಿ ಚನ್ನಬಸಮ್ಮನ ತಮ್ಮ ಶಂಭುಲಿಂಗಪ್ಪ. ಹುಡುಗನಾಗಿದ್ದಾಗ ಅವನ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವನು ಬೆಟ್ಟಸ್ವಾಮಿಯೇ. ಮುಂದೆ ಅವನು ವೈರ್‌ಲೆಸ್ ಕಲಿತು, ಮದರಾಸಿನಲ್ಲಿ ಟಪಾಲು ಸಾಗಿಸುವ ವಿಮಾನದ ಕಂಪನಿ ಸೇರಿದ. ಪೈಲಟ್ಟನ ಜೊತೆ ಕೂತು ಸಮುದ್ರ ದಾಟಿ ಸಿಂಹಳಕ್ಕೆ ಹೋಗಿ ಬರುತ್ತಾನೆಂಬ ಸುದ್ದಿ ಊರಿಗೆ ಬಂದದ್ದೇ ತಡ, ಬಸ್ಸು ಹತ್ತಿದವರೆಲ್ಲ ಒಂದೇ ಮಾತು.

“ಬೆಟ್ಟಸ್ವಾಮಣ್ಣ, ನಿಮ್ ಭಾಮೈದ ಮೋಡದ್ ಮ್ಯಾಲೆ ಓಯ್ತಾನಂತಲ್ಲ?”

“ಓಗ್ಲಿ ಬುಡಿ. ಬಂಡಿ ಓಡ್ಸೋನು ಬ್ಯಾರೆ, ಇವ ಪಕ್ಕದಾಗೆ ಕೂತ್ಕೊಳೋನು,” ಎನ್ನುತ್ತ ಅವನು ಗೇರನ್ನು ಕಿರುಗುಟ್ಟುವಂತೆ ಎಳೆಯುತ್ತಿದ್ದ.

ಮಳೆಗಾಲದಲ್ಲಿ ಶಂಭುಲಿಂಗಪ್ಪ ರಜೆಗೆ ಬಂದ. ಊಟಕ್ಕೆ ಕೂತಾಗ ಚನ್ನಬಸಮ್ಮ ತಮ್ಮನ ಎಲೆಗೆ ತುಪ್ಪ ಸುರಿದು, ಉಳಿದದ್ದನ್ನು ಗಂಡನ ಎಲೆಗೆ ತೋರಿಸಿದಳು. ಬೆಟ್ಟಸ್ವಾಮಿಗೆ ಅದೂ ಚುಚ್ಚಿತು.

“ಸಮುದ್ರದ ಮ್ಯಾಲೆ ಭಯ ಆಗಲ್ವೇನಪ್ಪ?” ಎಂದಳು ಅಕ್ಕ.

“ಕಟ್ಟುಪಾಡು ಐತಕ್ಕ. ನಮ್ದು ಒಂಟಿ ಎಂಜಿನ್ನು. ಅದು ನಿಂತೋದ್ರೂ ಗಾಳೀಲಿ ತೇಲ್ಕೊಂಡು ದಡ ಸೇರೋ ಅಷ್ಟು ದೂರ ಮಾತ್ರ ನೀರಿನ್ ಮ್ಯಾಲೆ ಓಗ್ಬೇಕು. ಎತ್ತರಕ್ಕೇರಿದ್ರೆ ಜಾಸ್ತಿ ದೂರ ತೇಲ್ತದೆ. ಮೋಡ ಕೆಳಗಿಳ್ದು ಏರಕ್ಕಾಗ್ದಿದ್ರೆ ವಾಪಸ್ ಬರ್ತೀವಿ. ಓದ್ ಸಲ ಅಂಗೇ ಬಂದ್ವಿ.”

ಬೆಟ್ಟಸ್ವಾಮಿಗೆ ಬೇಕಾದದ್ದು ಸಿಕ್ಕಿತು. ಮಾರನೆಯ ದಿನ ನರಸೀಪುರದ ಸಂತೆಯಲ್ಲಿ, “ದಡ ಬುಟ್ಟು ಓಗಕ್ಕೆ ನಡುಗ್ತಾನೆ ಕಣ್ರೀ, ಮೋಡ ಕಂಡ್ರೆ ಓಡ್ ಬತ್ತಾನೆ,” ಎಂದು ಸಾರಿದ. ಜನ ನಕ್ಕರು. ಬಹಳ ದಿನಗಳ ಮೇಲೆ ಅವನಿಗೆ ಉಂಡದ್ದು ಮೈಗೆ ಹತ್ತಿತು.

ಆ ಮಾತು ಶಂಭುಲಿಂಗಪ್ಪನ ಕಿವಿಗೂ ಬಿತ್ತು. ಆದರೂ ಅವನು ವಾರ ಕಳೆದು ಮೂಗೂರಿನ ಅತ್ತೆಯನ್ನು ನೋಡಲು ಭಾವನ ಬಸ್ಸನ್ನೇ ಹತ್ತಿದ. ಸುತ್ತೂರು ದಾಟಿದ ಮೇಲೆ ಸಿಗುವ ಹಳ್ಳ ಕೆಂಪಗೆ ತುಂಬಿ ತಗ್ಗು ಸೇತುವೆಯ ಮೇಲೆ ಹರಿಯುತ್ತಿತ್ತು. ಬೆಟ್ಟಸ್ವಾಮಿ ಬ್ರೇಕು ಒತ್ತಿದ. ಕಾಯುವುದೆಂದು ಅವನೂ ಅಂದುಕೊಂಡಿದ್ದ.

“ಭಾವ, ನೀರಿಳೀಲಿ. ನಡುವೆ ಎಂಜಿನ್ ನಿಂತ್ರೆ ಕಷ್ಟ,” ಎಂದ ಶಂಭುಲಿಂಗಪ್ಪ.

ಬೇರೆ ಯಾರಾದರೂ ಹೇಳಿದ್ದರೆ ಕೇಳುತ್ತಿದ್ದನೇನೋ. “ನಾನು ದಡ ಕಾಯೋನಲ್ಲ,” ಎಂದವನೇ ಬಸ್ಸನ್ನು ನೀರಿಗೆ ಇಳಿಸಿದ.

ಸೇತುವೆಯ ನಡುವೆ ಎಂಜಿನ್ನು ಕೆಮ್ಮಿ ನಿಂತಿತು. ನೀರು ಒಳಗೆ ನುಗ್ಗಿತು; ಹೆಂಗಸರು ಕಿರುಚಿಕೊಂಡರು. ಶಂಭುಲಿಂಗಪ್ಪ ಟಾಪಿನ ಮೇಲಿನ ಮೂಟೆಗಳ ಹಗ್ಗ ಬಿಚ್ಚಿ, ಒಂದು ತುದಿ ಬಸ್ಸಿಗೆ ಬಿಗಿದು, ಇನ್ನೊಂದನ್ನು ಆಚೆ ದಡದಲ್ಲಿ ನೆರೆದವರತ್ತ ಎಸೆದ. ಅವರು ಅದನ್ನು ಹುಣಸೆಮರಕ್ಕೆ ಬಿಗಿದರು. ಹಗ್ಗ ಹಿಡಿದು ಒಬ್ಬೊಬ್ಬರೇ ದಾಟಿದರು. ಬೆಟ್ಟಸ್ವಾಮಿಯ ಕೈ ಮಾತ್ರ ಸ್ಟಿಯರಿಂಗ್ ಬಿಡಲಿಲ್ಲ. ಭಾಮೈದನೇ ಅವನ ಬೆರಳು ಬಿಡಿಸಿ, ಸೊಂಟಕ್ಕೆ ಕೈ ಹಾಕಿ ಎಳೆದುಕೊಂಡು ಬಂದ.

ನೀರಿಳಿದ ಮೇಲೆ ಎತ್ತು ಕಟ್ಟಿ ಬಸ್ಸನ್ನು ಎಳೆಸಿದರು. ಬಸ್ಸಿನ ಮಾಲೀಕ ಸಾಹುಕಾರ್ ಚಿಕ್ಕಬಸಪ್ಪ ಬೈಯುತ್ತಾನೆಂದು ಕಾದಿದ್ದರೆ, ಆತ ಬಂದು ಬೆಟ್ಟಸ್ವಾಮಿಯ ಬೆನ್ನು ತಟ್ಟಿದ.

“ನೀರು ಇದ್ದಕ್ಕಿದ್ದಂಗೆ ಏರ್ತಂತಲ್ಲಪ್ಪ. ಅಂಥಾದ್ರಲ್ಲೂ ನೀನು ಜನಾನ ಉಳಿಸ್ದ್ಯಂತೆ. ನಿನ್ ಭಾಮೈದ ಎಲ್ಲಾ ಏಳ್ದ.”

ಬೆಟ್ಟಸ್ವಾಮಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಹೊಗಳಿಕೆಯೂ ಭಾಮೈದ ಕೊಡಿಸಿದ್ದು, ಕೆಲಸ ಉಳಿದದ್ದೂ ಅವನಿಂದ! ಭಾಮೈದ ಮದರಾಸಿನ ರೈಲು ಹತ್ತಿದ ದಿನವೇ ಇವನು ಸಾಹುಕಾರರ ಮಂಡಿಗೆ ಹೋದ.

“ನೀರು ಮೊದ್ಲೇ ಏರಿತ್ತು ಬುದ್ಧಿ. ಅವ ಬ್ಯಾಡ ಅಂದ. ನಾನೇ ಒಟ್ಟೆಕಿಚ್ಚಿಗೆ ಇಳಿಸ್ದೆ.”

ದೀಪಾವಳಿಯವರೆಗೆ ಸ್ಟಿಯರಿಂಗ್ ಮುಟ್ಟಬಾರದು, ಬಸ್ಸು ತೊಳೆದುಕೊಂಡಿರಬೇಕೆಂದು ಅಪ್ಪಣೆಯಾಯಿತು. ಚನ್ನಬಸಮ್ಮ ತಲೆ ಚಚ್ಚಿಕೊಂಡಳು. “ನನ್ ತಮ್ಮ ನಿಮ್ಮ ಮಾನ ಕಾದ. ನೀವಾಗೇ ಓಗಿ ಕಳ್ಕೊಂಡು ಬಂದ್ರಲ್ಲ!”

“ಅವ ಕಾದಿದ್ ಮಾನ ನಂಗ್ಯಾಕೆ?”

ಅಂದಿದ್ದು ಕೋಪಕ್ಕಾದರೂ ಮನಸ್ಸು ಹಗುರಾಗಿತ್ತು. ಅದು ಹೆಚ್ಚು ದಿನ ಉಳಿಯಲಿಲ್ಲ. ಬಸ್ಸಿಗೆ ಮೈಸೂರಿನಿಂದ ಮಾದಯ್ಯನೆಂಬ ಹೊಸ ಡ್ರೈವರ್ ಬಂದ. ಬೆಟ್ಟಸ್ವಾಮಿ ಬಕೆಟ್ಟು ಹಿಡಿದು ಚಕ್ರದ ಕೆಸರು ತೊಳೆಯುವಾಗ ಜನ ಮಾದಯ್ಯನಿಗೆ ಮಜ್ಜಿಗೆ ಕೊಡುತ್ತಿದ್ದರು. ಅವನು ಚೊಂಬೆತ್ತಿ ಗಟಗಟ ಕುಡಿಯುವುದನ್ನು ಬೆಟ್ಟಸ್ವಾಮಿ ಬಸ್ಸಿನ ಮರೆಯಿಂದ ನೋಡುತ್ತ, ಅದೇ ಚಕ್ರವನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ.