ಪುಕ್ಕಟೆ ಬಸ್ಸಿಗೆ ಏರಿಸಿದ ಎಂಟು ವರ್ಷ

ನನ್ನ ಗಂಡ ಫಕೀರಪ್ಪಗ ಬುದ್ಧಿ ಭಾಳ ಅದ, ಆದ್ರ ಬ್ಯಾಡಾದ ಕಡೆ ಓಡ್ತದ. ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನಾಗ ಉಳ್ಳಾಗಡ್ಡಿ ಚೀಲ ಹೊತ್ತ ಹಮಾಲ ಅವ್ರು. ನಾವಿರೂ ಮರಾಠಿ ಸೀಮ್ಯಾಗ ಎಪ್ಪತ್ತೈದು ದಾಟಿದವ್ರಿಗೆ ಸರಕಾರಿ ಬಸ್ಸು ಪುಕ್ಕಟೆ ಅಂತ ಸುದ್ದಿ ಬಂದದ್ದೇ ತಡ, ಯಾವನೋ ಏಜೆಂಟನ್ನ ಹಿಡದು ಆಧಾರ ಕಾರ್ಡಿನಾಗ ಎಂಟು ವರ್ಷ ಏರಿಸಿಕೊಂಡು ಬಂದ್ರು! ಅಮಾಸಿಗೊಮ್ಮೆ ಪುಕ್ಕಟೆ ಜೇಜುರಿಗೆ ಹೋಗೂದು, ಅಲ್ಲಿ ಖಂಡೋಬಾ ದೇವರಿಗೆ ಅರಿಶಿಣದ ಭಂಡಾರ ಹಾರಿಸೂದು, ಬಂದು ಮೀಸಿ ತಿರುವೂದು. "ವಯಸ್ಸಿನಾಗ ನಮ್ಮಪ್ಪನ ವಾರಿಗಿ ಆದ್ರೆಲ್ರೀ" ಅಂತ ನಾನೂ ನಕ್ಕಿದ್ದೆ, ಹುಚ್ಚಿ.

ಹ್ವಾದ ವರ್ಷದಿಂದ ಇವರ ಮೈಯಾಗ ರಕ್ತ ಹುಟ್ಟವಲ್ದು. ತಿಂಗಳಿಗೆ ಎರಡು ಬಾಟಲಿ ಏರಿಸಬೇಕು, ಇಲ್ಲಂದ್ರ ಗ್ವಾಡಿ ಹಿಡದು ನಡೀತಾರ. ಎಲುಬಿನೊಳಗಿನ ಮಜ್ಜೆ ಕೆಟ್ಟದ, ಹಿಂಗೇ ಬಿಟ್ರ ಬ್ಲಡ್ ಕ್ಯಾನ್ಸರ್ ಆಗಬಹುದು ಅಂದ್ರು ದವಾಖಾನ್ಯಾಗ. ನಮ್ಮ ಮಗ ಮಾಂತುನ ಮಜ್ಜೆ ಇವರಿಗೆ ಹಾಕಿದ್ರ ಮಾತ್ರ ಬ್ಯಾನಿ ಬೇರಿನಿಂದ ಹೋದೀತಂತ.

ಡಾಕ್ಟರ್ ನೀರಜಾಬಾಯಿ ಫೈಲು ನೋಡಿ ತಲಿ ಅಲ್ಲಾಡಿಸಿದ್ರು. "ಎಪ್ಪತ್ತಾರು ಅಂದ್ರ ಭಾಳ ಆತು ಕಾಕಾ. ತಡಕೊಳ್ಳೂದು ಕಷ್ಟ" ಅಂತ ಮರಾಠಿಯಾಗ ಅಂದ್ರು. ಇವರು ನೆಲಾ ನೋಡ್ಕೋತ ಕುಂತ್ರು, ಖರೇ ವಯಸ್ಸು ಹೇಳವಲ್ರು! ಸುಳ್ಳು ಹೊರಗ ಬಿದ್ರ ಪೊಲೀಸರು ಹಿಡೀತಾರಂತ ಅಂಜಿಕಿ. ಜೀವ ಹೊಂಟದ, ಈ ಮನಷ್ಯಾಗ ಪೊಲೀಸರ ಚಿಂತಿ. ನನಗ ಸಿಟ್ಟು ನೆತ್ತಿಗೇರಿತು.

"ಡಾಕ್ಟರ್ ಬಾಯಿ, ಆ ಕಾರ್ಡು ಸುಳ್ಳದ" ಅಂದೆ. ಹಮಾಲಿ ಮಾಡುವಾಗಿನ ಹಳೇ ಗುರುತಿನ ಚೀಟಿ ಚೀಲದಾಗ ಇತ್ತು, ಅದನ್ನ ತಗದು ಟೇಬಲ್ ಮ್ಯಾಲೆ ಒಗದೆ. ಖರೇ ಹುಟ್ಟಿದ ವರ್ಷ ಅದರಾಗ ಇತ್ತು.

ಡಾಕ್ಟರ್ ಬಾಯಿ ಮೊದಲು ಸಿಟ್ಟಾದ್ರು, ಆಮ್ಯಾಲೆ ನಕ್ಕೇಬಿಟ್ರು. "ಹಂಗಾದ್ರ ನೋಡಬಹುದು. ಆದ್ರ ಬರೇ ವಯಸ್ಸು ನೋಡಾಂಗಿಲ್ಲ. ಹೃದಯ, ಕಿಡ್ನಿ, ಮೈಯಾಗಿನ ಕಸುವು ನೋಡ್ತೀವಿ. ಎಲ್ಲಾ ಪಾಸಾದ್ರೂ ಜೀವಕ್ಕ ಗ್ಯಾರಂಟಿ ಇಲ್ಲ. ಆದ್ರೂ ಮಾಡೂಣೇನು?"

"ಮಾಡ್ರಿ" ಅಂದ್ರು ಇವರು. ಅವತ್ತು ಅವರಾಡಿದ ಮೊದಲ ಮಾತು ಅದು.

ಕಸುವು ಎಷ್ಟದ ಅಂತ ಆರು ನಿಮಿಷ ವರಾಂಡದಾಗ ನಡಸಿ ನೋಡಿದ್ರು. ಇವರು ಗ್ವಾಡಿ ಮುಟ್ಟಲಿಲ್ಲ. ನಾನು ಸೆರಗು ಕಚ್ಚಿಕೊಂಡು ಅತ್ತೆ, ಅಂಜಿಕಿ ಅರ್ಧ, ಹೆಮ್ಮಿ ಅರ್ಧ.

ಎರಡು ವಾರದ ಮ್ಯಾಲೆ ಎಲ್ಲಾ ರಿಪೋರ್ಟ್ ಚಲೋ ಬಂದವು. ಭರ್ತಿ ಆಗೂ ದಿನ ನರ್ಸ್ ವಯಸ್ಸು ಕೇಳಿದಳು.

"ಅರವತ್ತೆಂಟು" ಅಂದ್ರು, ಇಡೀ ವಾರ್ಡಿಗೆ ಕೇಳೂಹಂಗ. ಆಮ್ಯಾಲೆ ನನ್ನ ಕಡೆ ತಿರುಗಿದ್ರು. "ಕಾಶವ್ವಾ, ಕಾರ್ಡು ತಿದ್ದಸಾಕ ಮಾಂತುಗ ಹೇಳು. ಮುಂದಿನ ಸಲ ಜೇಜುರಿಗೆ ಟಿಕೀಟ್ ತಗೊಂಡ ಹೋಗೂಣು. ನಂದೂ, ನಿಂದೂ."