ರಾಯಭಾರ ಕಚೇರಿಯಲ್ಲಿ ಗಂಡನ ಹೆಸರು

ಗಂಡನ ಹೆಸರು ಹೇಳಲಾರೆ ಎಂದು ಹಟ ಹಿಡಿದು, ಪರದೇಶದಲ್ಲಿ ನಮ್ಮದೇ ಸರಕಾರದ ಕಚೇರಿಯನ್ನು ಅರ್ಧ ದಿನ ಗೋಳು ಹೊಯ್ದುಕೊಂಡವಳು ನಾನು. ನಗುವವರು ಈಗಲೇ ನಕ್ಕುಬಿಡಿ. ಮುಲ್ಕಿ ಪರೀಕ್ಷೆ ಪಾಸಾದವಳು, ಪೇಪರು ಓದುವವಳು, ನಿನಗೆಂಥ ಮೂಢನಂಬಿಕೆ ಎಂದು ವಿಜಾಪುರದ ಗೆಳತಿಯರು ಕೇಳುತ್ತಾರೆ. ನಂಬಿಕೆಯ ಮಾತು ಬೇರೆ, ನಾಲಿಗೆಯ ಮಾತು ಬೇರೆ. ಬಬಲೇಶ್ವರದಲ್ಲಿ ಹುಟ್ಟಿ ಟಿಕೋಟದ ಸೊಸೆಯಾದವಳ ನಾಲಿಗೆ ಕೆಲವು ಹೆಸರುಗಳ ಮುಂದೆ ತಾನಾಗಿ ನಿಂತುಬಿಡುತ್ತದೆ.

ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಕಡೆಯ ಮಾತು. ನಮ್ಮ ಮಾವನವರು ಸೋಮಪ್ಪ. ಆದ್ದರಿಂದ ಅತ್ತೆಯ ವಾರಕ್ಕೆ ಆರೇ ದಿನ; ಏಳನೆಯದು ‘ಆಯ್ತವಾರದ ಮರುದಿನ’. ಜೈನಾಪುರದ ನಮ್ಮ ಚಿಗವ್ವನ ಗಂಡ ಬಸಪ್ಪ. ಅವಳು ಬಸವಣ್ಣನ ಗುಡಿಗೆ ‘ನಮ್ಮ ಮನಿಯವರ ಗುಡಿ’ ಎನ್ನುತ್ತಾಳೆ, ಊರಿನವರು ಯಾರೂ ತಕರಾರು ಮಾಡಿಲ್ಲ. ಈ ನಿಷೇಧ ಬಾಯಿಗಷ್ಟೇ, ಬರೆಯುವ ಕೈಗೆ ಇಲ್ಲ. ಅದಕ್ಕೇ ಇಲ್ಲಿ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮವರು ಬರ್ಮಾದಲ್ಲಿ ಬೇಳೆಕಾಳಿನ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ ನಾನೂ ಹೋಗಿ ಅಲ್ಲಿಯ ಬಂದರಿನ ಊರಿನಲ್ಲಿ ಸಂಸಾರ ಹೂಡಿದೆ. ಮುಂದೆ ಒಮ್ಮೆ ಅವರು ತೊಗರಿ ನೋಡಿಬರಲು ನದಿಯ ಮೇಲ್ಭಾಗದ ಊರಿಗೆ ಹೋದರು. ಅದೇ ವಾರ ಆ ಕಡೆ ಬಂಡಾಯ ಎದ್ದಿತು, ರೈಲು ನಿಂತಿತು. ಕಾಗದವಿಲ್ಲ, ಸುದ್ದಿಯಿಲ್ಲ. ಇಪ್ಪತ್ತು ದಿನ ಕಾದು, ನಮ್ಮ ದೇಶದ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಿದೆ.

ರಾಯಭಾರವೆಂದರೆ ಏನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸಿಟ್ಟು ಮಾಡಿಕೊಂಡು ತವರಿಗೆ ಹೋದ ಸೊಸೆಯನ್ನು ಕರೆತರಲು ನಮ್ಮಲ್ಲಿ ಇಬ್ಬರು ಹಿರಿಯರು ರಾಯಭಾರ ಹೋಗುತ್ತಾರೆ. ಚೂಡಾ ತಿಂದು, ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ಸೊಸೆಯನ್ನು ಕರೆದುಕೊಂಡೇ ಏಳುತ್ತಾರೆ. ಈ ಕಚೇರಿಯವರೂ ಹಾಗೆಯೇ ಎದ್ದು ಹೋಗಿ ನನ್ನ ಗಂಡನನ್ನು ಕರೆತರುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಅರ್ಜಿ ತಂದರು.

ಸಾಹೇಬರಿಗೆ ಕನ್ನಡ ಬಾರದು. ನನ್ನ ಪುಣ್ಯಕ್ಕೆ ಸೊಲ್ಲಾಪುರದ ಕಾರಕೂನನೊಬ್ಬ ಇದ್ದ.

“ಯಜಮಾನರ ಹೆಸರೇನ್ರಿ, ಅಕ್ಕಾರ?”

“ಹೇಳೂದಿಲ್ಲರಿ.”

“ಮತ್ತ ನಾವು ಯಾರನ್ನ ಹುಡುಕೂದು?”

“ಅವರನ್ನ.”

ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕನೆ ನಕ್ಕರು. ನಾನು ಕಾಗದ ಇಸಿದುಕೊಂಡು ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟೆ. ಕಾರಕೂನ ತಲೆ ಕೆರೆದುಕೊಂಡ. ಮನೆಯಲ್ಲಿ ಕನ್ನಡ ಮಾತಾಡಿ ಬೆಳೆದವನಾದರೂ ಕಲಿತದ್ದು ಮರಾಠಿ ಸಾಲೆಯಲ್ಲಿ. ನನ್ನ ಅಕ್ಷರ ಅವನಿಗೆ ಬರೀ ಸುತ್ತುಸುತ್ತು. ಆದರೆ ಜಾಣ. “ನಮ್ಮವ್ವನೂ ನಿಮ್ಮಂಗ ಅದಾಳ್ರಿ. ಒಡಪು ಹಾಕಿ ಹೇಳ್ರಿ,” ಎಂದ.

ಒಡಪು ಅಂದರೆ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಸೆರಗು ತಲೆಯ ಮೇಲೆಳೆದುಕೊಂಡು, ಭಾರತ ಸರಕಾರದ ಮೇಜಿನ ಮುಂದೆ ನಿಂತು ಹೇಳಿಯೇಬಿಟ್ಟೆ:

“ಬಿಳಿಜ್ವಾಳದ ರೊಟ್ಟಿ, ಮ್ಯಾಲ ಬೆಣ್ಣಿ ಮುದ್ದಿ,
ಗುರುಪಾದಪ್ಪನವರ ಮುಂದ ನಡಿಯೂದಿಲ್ಲ ನನ್ನ ಬುದ್ಧಿ.”

ಇಷ್ಟೂ ಅವನ ಹೆಸರೇ ಎಂದು ಸಾಹೇಬರು ಗಾಬರಿಯಾಗಿ ಕೇಳಿದರಂತೆ. ಕಾರಕೂನ ತಿಳಿಸಿ ಹೇಳಿದ ಮೇಲೆ ನಕ್ಕರು. ಆಮೇಲೆ ಅವರು ಹೇಳಿದ ಮಾತು ಮಾತ್ರ ನಗುವಂಥದಾಗಿರಲಿಲ್ಲ. ಗುರುವಾರ ಊರಿಗೆ ಹಡಗಿದೆ, ದಿಕ್ಕಿಲ್ಲದ ಹೆಂಗಸರಿಗೆ ಮೊದಲ ಜಾಗ. ಕಾರಕೂನ ದನಿ ತಗ್ಗಿಸಿ, “ಗಂಡ ಇಲ್ಲ ಅಂತ ಒಂದ ಗೀಟು ಎಳೀತೇನ್ರಿ ಅಕ್ಕಾರ. ಸುಖರೂಪ ಊರು ಮುಟ್ಟತೀರಿ,” ಎಂದ. ಪಾಪ, ಅವನ ಮನಸ್ಸು ಒಳ್ಳೆಯದೇ.

“ಗೀಟು ಎಳದ್ರ ಕೈ ಮುರೀತೇನಿ!” ಎಂದೆ. “ಆಯುಷ್ಯ ಕಡಿಮಿ ಆದೀತಂತ ಹೆಸರ ಸುದ್ದಾ ಹೇಳದಾಕಿ ನಾನು. ನೀವು ಜೀವಂತ ಮನಷ್ಯಾನ್ನ ಕಾಗದದಾಗ ಕೊಲ್ಲತೀರೇನು? ಮೊದಲ ಅವರನ್ನ ಕರಕೊಂಡ ಬರ್ರಿ. ಆಮ್ಯಾಲ ಹಡಗಿನ ಮಾತು.”

ಗುರುವಾರದ ಹಡಗು ನನ್ನನ್ನು ಬಿಟ್ಟು ಹೋಯಿತು. ಅವತ್ತು ಕೋಣೆಗೆ ಬಂದು ಅತ್ತುಬಿಟ್ಟೆ. ಅವರು ಬದುಕಿದ್ದಾರೋ ಇಲ್ಲವೋ ನನಗೇನು ಗೊತ್ತಿತ್ತು? ಹೆದರಿಕೆ ಹೊಟ್ಟೆಯಲ್ಲೇ ಇತ್ತು, ಹಟ ಬಾಯಲ್ಲಿತ್ತು ಅಷ್ಟೆ. ಮರುದಿನ ಮುಖ ತೊಳೆದು ಮತ್ತೆ ಹೋಗಿ ಕಚೇರಿಯ ಮರದ ಬಾಕಿನ ಮೇಲೆ ಕೂತೆ. ದಿನಾ ಕೂತೆ. ಸಾಹೇಬರು ಬರುವಾಗ ಎದ್ದು ನಿಲ್ಲುತ್ತಿದ್ದೆ, ಹೋಗುವಾಗಲೂ ಎದ್ದು ನಿಲ್ಲುತ್ತಿದ್ದೆ. ನನ್ನ ಮೋರೆ ನೋಡಿ ಬೇಸತ್ತೋ, ಕನಿಕರಪಟ್ಟೋ, ಅವರು ಸಿಕ್ಕಸಿಕ್ಕವರಿಗೆಲ್ಲ ಬರೆದರು. ಒಂದು ದಿನ ಕಾರಕೂನ ಓಡಿಬಂದ. ಮೇಲಿನ ಊರುಗಳಲ್ಲಿ ಸಿಕ್ಕಿಬಿದ್ದ ನಮ್ಮ ದೇಶದವರನ್ನು ನದಿಯ ದೋಣಿಯಲ್ಲಿ ತರುತ್ತಿದ್ದಾರೆ, ಪಟ್ಟಿಯಲ್ಲಿ ಒಬ್ಬ ಗುರುಪಾದಪ್ಪ ಇದ್ದಾನೆ ಎಂದ.

ಬಂದರಿನ ಕಟ್ಟೆಗೆ ಹಗ್ಗ ಕಟ್ಟಿದ್ದರು. ಇಳಿದವರನ್ನು ಮನೆಯವರು ಗುರುತಿಸಿ ಕರೆದರೆ ಹಗ್ಗದ ಈಚೆ; ಯಾರೂ ಕರೆಯದವರು ಹಾಗೆಯೇ ಕಲಕತ್ತೆಯ ಹಡಗಿಗೆ. ಗಡ್ಡ ಬಿಟ್ಟು, ಸೊರಗಿ, ತಲೆ ತಗ್ಗಿಸಿಕೊಂಡು ಅವರು ಸಾಲಿನಲ್ಲಿ ನಡೆದಿದ್ದರು. ಹೆಂಗಸರನ್ನೆಲ್ಲ ಊರಿಗೆ ಕಳಿಸಿದ ಸುದ್ದಿ ಕೇಳಿ, ನಾನೂ ಹೋಗಿರಬೇಕೆಂದು ಎಣಿಸಿದ್ದರಂತೆ. “ಏನ್ರೀ!” ಎಂದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಇನ್ನೊಮ್ಮೆ ಕೂಗಿದೆ. ಅವರು ಹಡಗಿನ ಹಲಗೆಯ ಮೇಲೆ ಕಾಲಿಟ್ಟರು.

“ಗುರುಪಾದಾ! ಲೇ ಗುರುಪಾದಾ!”

ಒಂದೇ ಸಲಕ್ಕೆ ತಿರುಗಿದರು. ನಾನು ಹಗ್ಗದ ಕೆಳಗೆ ನುಸುಳಿ ಓಡಿದೆ. ಯಾರು ತಡೆದರೋ, ಯಾರು ಬಿಟ್ಟರೋ ನೆನಪಿಲ್ಲ.

ನಾನು ಹೆಸರು ಹಿಡಿದು ಕೂಗಿದ ಸುದ್ದಿ ನಮಗಿಂತ ಮೊದಲೇ ಟಿಕೋಟ ಮುಟ್ಟಿತ್ತು. ಐದು ಮಂದಿ ಮುತ್ತೈದೆಯರ ಉಡಿ ತುಂಬಿ ತಪ್ಪು ಕಳೆದುಕೋ ಎಂದರು ಅತ್ತೆ.

“ಉಡಿ ತುಂಬತೇನ್ರಿ ಅತ್ತಿ, ಸಂತೋಷಕ್ಕ. ತಪ್ಪಿಗಲ್ಲ.”

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದರು. “ಕರದಾಗ ಹೊಳ್ಳಿ ನೋಡಿದನೇನು?”

“ನೋಡಿದರ್ರಿ.”

“ಹಂಗಾರ ಕಡ್ಲಿಬ್ಯಾಳಿ ನೆನಿ ಹಾಕು, ಹೋಳಿಗಿ ಮಾಡೂಣು,” ಎಂದು ಒಳಗೆ ಹೋದರು.

ಈಗ ನಾನು ಮತ್ತೆ ‘ಏನ್ರೀ’ ಎಂದೇ ಕರೆಯುತ್ತೇನೆ. ಗೆಳತಿಯರು ಹೆದರಿದೆಯಾ ಎಂದು ಛೇಡಿಸುತ್ತಾರೆ. ಹೆದರಿಕೆ ಯಾತಕ್ಕೆ? ಬೇಕಾದಾಗ ಹೆಸರು ನನ್ನ ಬಾಯಲ್ಲೇ ಇದೆ ಎಂಬುದು ಈಗ ನಮ್ಮವರಿಗೂ ಗೊತ್ತು, ನನಗೂ ಗೊತ್ತು.