ಎಮ್ಮೆಗೆ ಸುರಿದ ಎಣ್ಣೆ

ಸತ್ತ ಎಮ್ಮೆ ನನ್ನದಲ್ಲ, ಸೊಸೆಯದು. ಅವಳು ಬಾಣಂತನ ಮುಗಿಸಿ ಬರುವಾಗ ತವರಿನವರು ಬೀದರಿನಿಂದ ಲಾರಿಗೆ ಹತ್ತಿಸಿ ಕಳಿಸಿದ್ದರು. ತೆಲುಗು ನಾಡಿನ ಕುಷಾಯಿಗೂಡದಲ್ಲಿ ನಮ್ಮ ಮನೆಯ ಹಿಂದೆ ತಗಡಿನ ಕೊಟ್ಟಿಗೆ. ಅದರಲ್ಲಿ ಅವಳದೊಂದು ಎಮ್ಮೆ, ನನ್ನದೊಂದು. ಹಾಲು ಸುತ್ತಲಿನ ಮನೆಗಳಿಗೆ ಹೋಗುತ್ತಿತ್ತು. ಮೇವು ಹಾಕುವವಳು ನಾನು. ಆ ಕೆಲಸ ನನ್ನಷ್ಟು ಯಾರಿಗೂ ಬರುವುದಿಲ್ಲ ಎಂಬ ಸೊಕ್ಕು ಇತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಸೊಕ್ಕಲು ಬೇರೆ ಏನಿದೆ?

ಹೋದ ಬೇಸಿಗೆಯಲ್ಲಿ ಸೊಸೆಯ ಎಮ್ಮೆ ಕರು ಹಾಕಿ ಎರಡು ತಿಂಗಳಾಗಿತ್ತು. ಅದರ ಹಾಲು ಕೊಳ್ಳುವ ಪಕ್ಕದ ಮನೆಯ ತೆಲುಗಿನಾಕೆ ಹಾಲಿನ ಪಾತ್ರೆ ಹಿಡಿದು ಬಂದಳು.

"ಮೀಗಡ ಕಡ್ತಲೇದಮ್ಮಾ. ನೀಳ್ಳು ಕಲುಪುತುನ್ನರಾ?"

ಕೆನೆ ಕಟ್ಟುತ್ತಿಲ್ಲ, ನೀರು ಬೆರೆಸುತ್ತೀರಾ ಎಂದು ಕೇಳಿದ್ದು. ನನಗೆ ಮೈಯೆಲ್ಲ ಉರಿಯಿತು.

ನನ್ನ ತವರಲ್ಲಿ ಕಾರಹುಣ್ಣಿಮೆಗೆ ಎತ್ತುಗಳಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸುತ್ತಿದ್ದರು. ವರ್ಷಕ್ಕೊಂದು ಸಲ, ಒಂದೇ ಗೊಟ್ಟ. ಎಣ್ಣೆ ಒಳಗೆ ಹೋದರೆ ಹಾಲಿಗೆ ಜಿಡ್ಡು ಬರುತ್ತದೆ ಎಂದುಕೊಂಡೆ. ಉಪ್ಪಿನಕಾಯಿಗೆಂದು ಗಾಣದಿಂದ ತಂದಿಟ್ಟ ಶೇಂಗಾ ಎಣ್ಣೆಯನ್ನು ದಿನಾ ಬೆಳಿಗ್ಗೆ ಆ ಎಮ್ಮೆಯ ಹಿಂಡಿಯ ಮೇಲೆ ಸುರಿದೆ. ಹತ್ತಿಕಾಳು ಹೆಚ್ಚಿಸಿದೆ, ಜೋಳದ ಒಣದಂಟಿನ ಮೇವು, ಕಣಿಕೆ, ಕಡಿಮೆ ಮಾಡಿದೆ. ಕೆನೆ ಇನ್ನೂ ತೆಳುವಾಯಿತು. ಬುದ್ಧಿ ಇದ್ದವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು. ನಾನು ಎಣ್ಣೆಯನ್ನು ಎರಡರಷ್ಟು ಮಾಡಿದೆ.

ಒಂದು ವಾರಕ್ಕೆ ಸೊಸೆ ಬಂದು ನಿಂತಳು.

"ಅತ್ಯಾರ, ನನ್ನ ಎಮ್ಮಿ ಮೆಲುಕ ಹಾಕಾಕತ್ತಿಲ್ರಿ. ಸೆಗಣ್ಯಾಗ ಕಣಿಕಿ ಇದ್ದದ್ದು ಇದ್ದಂಗ ಬರಾಕತ್ತೈತಿ."

"ಬಿಸಲಿಗೆ ಹಂಗ ಆಗತೈತಿ. ನೀ ಹುಟ್ಟೂಕಿಂತ ಮೊದಲ ಎಮ್ಮಿ ಕಟ್ಟೀನಿ ನಾ. ಹೋಗು."

ಮರುದಿನ ಎಮ್ಮೆಯ ಎಡಪಕ್ಕೆ ಉಬ್ಬಿತು. ಹಲ್ಲು ಕಡಿಯುತ್ತ ನಿಂತಿತು. ಸೊಸೆ ಹೋಗಿ ದನದ ಡಾಕ್ಟರಮ್ಮನನ್ನು ಕರೆತಂದಳು. ಆಕೆ ಕಲಬುರಗಿ ಕಡೆಯವಳು, ನಮ್ಮದೇ ಮಾತು. ಉಬ್ಬಿದ ಪಕ್ಕೆಯನ್ನು ಬಡಿದು ನೋಡಿ, ಏನು ತಿನ್ನಿಸಿದ್ದೀರಿ ಎಂದು ಕೇಳಿದಳು.

"ದಿನಾ ತಿನ್ನೂದ. ಹಿಂಡಿ, ಕಣಿಕಿ," ಎಂದೆ.

"ಗಾಳಿ ಕಟ್ಟೈತಿ. ಮನ್ಯಾಗ ಶೇಂಗಾ ಎಣ್ಣಿ ಇದ್ರ ತರ್ರಿ, ಕುಡಿಸೂಣು."

ಸೊಸೆ ಒಳಗೆ ಓಡಿದಳು, ಖಾಲಿ ಡಬ್ಬಿ ಹಿಡಿದು ಬಂದಳು.

"ಅತ್ಯಾರ, ಇಷ್ಟೂ ಎಣ್ಣಿ ಎಲ್ಲಿ ಹೋತ್ರಿ?"

ಎಮ್ಮೆ ಮೇವು ತಿನ್ನುವ ಗೋದಲಿಯ ಕಡೆ ಕೈ ತೋರಿಸಿದೆ.

ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಅಜ್ಜಿ, ಕಣಿಕಿ ಕರಗಸೂದು ಎಮ್ಮಿ ಅಲ್ರಿ. ಅದರ ಹೊಟ್ಟ್ಯಾಗ ಕಣ್ಣಿಗೆ ಕಾಣದಂಥ ಜೀವ ಇರತಾವ, ಅವು ಕರಗಸ್ತಾವ. ಎಣ್ಣಿ ಭಾಳ ಆದ್ರ ಅವು ಸಾಯ್ತಾವ. ಕಣಿಕಿ ಕರಗದಿದ್ರ ಕೆನಿ ಎಲ್ಲಿಂದ ಬರಬೇಕು?"

"ಹೊಟ್ಟ್ಯಾಗಿನ ಹುಳ ಸಾಯ್ಲಿ ಅಂತ ನೀವ ಔಷಧ ಕೊಡತೀರಲ್ಲ?"

"ಅವು ಕಳ್ಳರು. ಇವು ದುಡಿಯೋ ಆಳು. ನೀವು ಆಳುಗಳನ್ನ ಕೊಂದೀರಿ."

ಗಂಟಲಿಗೆ ನಳಿಗೆ ಇಳಿಸಿ ಗಾಳಿ ಬಿಡಿಸಿದಳು. ಆಮೇಲೆ ನನ್ನ ಎಮ್ಮೆ ಮೆಲುಕು ಹಾಕುವುದನ್ನೇ ಕಾದು, ಅದರ ಬಾಯೊಳಗಿನ ಉಂಡೆ ತೆಗೆಯಿರಿ ಎಂದಳು. ಕೈ ಹಾಕಿದವಳು ನಾನು. ಅದನ್ನು ಬೆಚ್ಚನೆಯ ನೀರಿನಲ್ಲಿ ಕಲಸಿ ಸೊಸೆಯ ಎಮ್ಮೆಗೆ ಕುಡಿಸಿದಳು. ಆ ಹೊಟ್ಟೆಯ ಜೀವ ಈ ಹೊಟ್ಟೆಯಲ್ಲಿ ಬೆಳೆಯಲಿ ಎಂದು. ನನ್ನ ಅಜ್ಜ ಮೇವು ಬಿಟ್ಟ ಎತ್ತಿಗೆ ಇದನ್ನೇ ಮಾಡುತ್ತಿದ್ದ. ಎಷ್ಟೋ ಸಲ ಪಕ್ಕದಲ್ಲೇ ನಿಂತು ಮೂಗು ಮುಚ್ಚಿಕೊಂಡು ನೋಡಿದ್ದೆ. ತವರಿನದೆಂದು ನನಗೆ ನೆನಪಿಗೆ ಬಂದದ್ದು ಎಣ್ಣೆ ಮಾತ್ರ.

ಎರಡು ದಿನ ಹಾಗೆ ಕುಡಿಸಿದೆವು. ಮೂರನೆಯ ದಿನ ಮಧ್ಯಾಹ್ನ ಎಮ್ಮೆ ಕುತ್ತಿಗೆ ಚಾಚಿ ಮಲಗಿತು, ಮತ್ತೆ ಏಳಲಿಲ್ಲ. ಸತ್ತ ದನ ಒಯ್ಯುವ ಗಾಡಿಯವರು ಕಾಲಿಗೆ ಹಗ್ಗ ಬಿಗಿದು ಎಳೆದರು.

ಸೊಸೆ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಸಂಜೆ ಕರುವನ್ನು ತಂದು ನನ್ನ ಎಮ್ಮೆಯ ಕೆಚ್ಚಲಿಗೆ ಬಿಟ್ಟಳು. ಎಮ್ಮೆ ಒದೆಯಿತು. ಅದರ ಕಾಲು ಕಟ್ಟಲು ಹಗ್ಗ ತೆಗೆದುಕೊಂಡು ಹೋದೆ.

"ನೀವು ಆಕಡೆ ಸರೀರಿ, ಅತ್ಯಾರ," ಎಂದು ನನ್ನ ಕೈಯಿಂದ ಹಗ್ಗ ತೆಗೆದುಕೊಂಡಳು.

ಸರಿದೆ. ಅಂದಿನಿಂದ ಮೇವು ಹಾಕುವವಳು ಅವಳೇ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.